ಮಧ್ಯಾಹ್ನದ ತನಕ ಹಾಕ್ಕೊಂಡು ನೋಡಿ

ಭಾನುವಾರ ಬೆಳಿಗ್ಗೆ ನೋಡಿದ ಒಂದು ಹಿಮ್ಮಡಿ ಇನ್ನೂ ಕಣ್ಣಿಂದ ಹೋಗಿಲ್ಲ. ಬಿರುಕು ಬಿಟ್ಟ ಹಿಮ್ಮಡಿ. ಅದರ ಕೆಳಗೆ ಒಂದು ಕಡೆ ಸವೆದು ತೆಳ್ಳಗಾದ ಹವಾಯಿ ಚಪ್ಪಲಿ. ಅಲ್ಲಿಂದ ಒಂದೂವರೆ ಮೊಳ ದೂರದಲ್ಲಿ, ಒಣ ಎಲೆಗಳ ನಡುವೆ ಸುರುಳಿ ಸುತ್ತಿಕೊಂಡಿದ್ದ ಕೊಳಕುಮಂಡಲ.

ಹಕ್ಕಿ ನೋಡಲು ಹೊರಟಿದ್ದವರು ನಾವು ಐದು ಜನ. ಮುಂದೆ ದಾರಿ ತೋರಿಸುತ್ತಿದ್ದವರು ಅದೇ ಕುರುಚಲು ಕಾಡಿನ ಅಂಚಿನಲ್ಲಿ ದನ ಮೇಯಿಸಿಕೊಂಡು ಬೆಳೆದ ಒಬ್ಬ ಅಣ್ಣ. ವಯಸ್ಸು ಐವತ್ತು ದಾಟಿರಬೇಕು. ಅವರ ಹಿಂದೆಯೇ ನಾನು. ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು ಎಡಗೈ ಹಿಂದಕ್ಕೆ ಚಾಚಿದರು. "ಮೇಡಂ, ಅಲ್ಲೇ ನಿಂತ್ಕೊಳ್ಳಿ. ಅಲ್ಲಾಡಬೇಡಿ."

ನನಗೆ ಏನೂ ಕಾಣಲಿಲ್ಲ. ಅವರು ಕೋಲಿನ ತುದಿಯಿಂದ ತೋರಿಸಿದ ಮೇಲೂ ಬರೀ ಎಲೆಗಳೇ ಕಂಡವು. ಆಮೇಲೆ ಆ ಎಲೆಗಳಲ್ಲಿ ಒಂದು ಉಸಿರಾಡಿತು. ಕಂದು ಮೈ, ಬೆನ್ನ ಮೇಲೆ ಸರಪಣಿಯ ಕೊಂಡಿಗಳ ಹಾಗೆ ಸಾಲಾಗಿ ಕಪ್ಪಂಚಿನ ಮಚ್ಚೆಗಳು. ಜೊತೆಗೇ ಆ ಸದ್ದು. ಟೈರಿನಿಂದ ಗಾಳಿ ಬಿಟ್ಟ ಹಾಗೆ, ನಿಲ್ಲದೆ ಬರುವ ಬುಸ್. ಅಣ್ಣ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟರು. ನಾವೆಲ್ಲ ದೊಡ್ಡ ಸುತ್ತು ಹಾಕಿಕೊಂಡು ಬೇರೆ ಕಡೆಯಿಂದ ಹೋದೆವು. ಹಾವು ಇದ್ದಲ್ಲೇ ಇತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಕಾಲಲ್ಲಿ ಮೊಣಕಾಲಿನ ಹತ್ತಿರದವರೆಗೆ ಬರುವ ಹೊಸ ಗಂಬೂಟು ಇತ್ತು. ಹಿಂದೆ ಬರುತ್ತಿದ್ದ ನಾಲ್ವರ ಕಾಲಲ್ಲೂ ಗಟ್ಟಿ ಶೂ. ಎಲ್ಲರಿಗಿಂತ ಮೊದಲು ಹೆಜ್ಜೆ ಇಡುವ ಕಾಲಿಗೆ ಮಾತ್ರ ಚಪ್ಪಲಿ.

ಮುಂದೆ ಒಂದು ಬಂಡೆಯ ಮೇಲೆ ಕೂತಾಗ ಕೇಳಿಯೇಬಿಟ್ಟೆ. "ಅಣ್ಣ, ನೀವ್ಯಾಕೆ ಬೂಟು ಹಾಕಲ್ಲ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಗಂಬೂಟನ್ನು ಒಂದು ಸಲ ನೋಡಿದರು. "ಅದನ್ನ ಮಧ್ಯಾಹ್ನದ ತನಕ ಹಾಕ್ಕೊಂಡು ನೋಡಿ ಮೇಡಂ" ಅಂದರು. ಅಷ್ಟೇ. ಎದ್ದು ನಡೆದರು.

ಆಗ ಗಂಟೆ ಎಂಟು. ಹನ್ನೊಂದೂವರೆಗೆ ನಾನು ಗಂಬೂಟು ಬಿಚ್ಚಿ ಸಾಕ್ಸ್ ಹಿಂಡಿದೆ. ನೀರು ತೊಟ್ಟಿಕ್ಕಿತು. ಬೆರಳುಗಳ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಬಲಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಇಳಿಜಾರಿನಲ್ಲಿ ಪಾದ ಒಳಗೇ ಮುಂದಕ್ಕೆ ಜಾರಿ ಜಾರಿ ಹೆಬ್ಬೆರಳಿನ ಉಗುರು ನೋಯುತ್ತಿತ್ತು. ನಾನು ಅಲ್ಲಿಗೆ ಹೋಗಿದ್ದು ಒಂದು ದಿನ. ಅವರು ದಿನಾ ನಡೆಯುತ್ತಾರೆ. ಅದೂ ಸುಮ್ನೆ ನಡೆಯುವುದಲ್ಲ. ದನದ ಹಿಂದೆ ಓಡಬೇಕು, ಕೂರಬೇಕು, ಏಳಬೇಕು, ಬೇಲಿ ದಾಟಬೇಕು.

ಪ್ರಶ್ನೆ ಕೇಳುವಾಗ ನನ್ನ ತಲೆಯಲ್ಲಿ ಒಂದು ಉತ್ತರ ಮೊದಲೇ ಇತ್ತು ಅಂತ ಈಗ ಗೊತ್ತಾಗುತ್ತಿದೆ. ಇವರಿಗೆಲ್ಲ ಉದಾಸೀನ, ಅಭ್ಯಾಸ ಆಗಿಬಿಟ್ಟಿದೆ, ಹೇಳಿದರೂ ಕೇಳುವುದಿಲ್ಲ ಅನ್ನುವ ಉತ್ತರ. ಹಾವು ಕಡಿತದ ಬಗ್ಗೆ ಮಾತಾಡುವ ಎಷ್ಟೋ ಜನರ ಬಾಯಲ್ಲಿ ಇದನ್ನೇ ಕೇಳಿದ್ದೇನೆ. ಅಣ್ಣ ಬೂಟು ಕಾಣದವರಲ್ಲ. ಹಾಕಿಕೊಂಡು ನೋಡಿ, ಆಗುವುದಿಲ್ಲ ಅಂತ ಬಿಟ್ಟವರು.

ಆ ನಡಿಗೆ ಏರ್ಪಡಿಸಿದವರ ಮೇಲೆ ನನಗೆ ಕೋಪ ಇನ್ನೂ ಇಳಿದಿಲ್ಲ. ಕಾಲಿನ ಗಿಣ್ಣು ಮುಚ್ಚುವ ಶೂ ಕಡ್ಡಾಯ ಅಂತ ನಮಗೆಲ್ಲ ಮೂರು ಸಲ ಮೆಸೇಜು ಕಳಿಸಿದ್ದರು. ಅದು ಸರಿಯೇ. ಆದರೆ ವರ್ಷಗಟ್ಟಲೆ ತಮ್ಮ ಮುಂದೆ ನಡೆಯುವ ಮನುಷ್ಯನ ಕಾಲು ಅವರಿಗೆ ಯಾಕೆ ಕಾಣಲಿಲ್ಲ? ಒಳ್ಳೆಯವರೇ, ಹಕ್ಕಿಗಳ ಬಗ್ಗೆ ತುಂಬಾ ತಿಳಿದವರು. ಆದರೂ ಕಾಣಬೇಕಿತ್ತು ಅಲ್ವಾ?

ಅಂಗಡಿಯವನದು ಇನ್ನೊಂದು ಕಥೆ. ಗಂಬೂಟು ಕೊಳ್ಳಲು ಹೋದಾಗ ಮೊದಲು ತೋರಿಸಿದ್ದು ಮುಂದೆ ಸ್ಟೀಲ್ ಇರುವ ಭಾರದ ಶೂ. ಹೆಬ್ಬೆರಳಿನಿಂದ ಮುಂಭಾಗ ಒತ್ತಿ ತೋರಿಸಿ, "ಇದು ಹಾಕಿದ್ರೆ ಹಾವು ಕಚ್ಚಿದ್ರೂ ಏನೂ ಆಗಲ್ಲ" ಅಂದ. ಆ ಸ್ಟೀಲ್ ಇರುವುದು ಬೆರಳ ಮೇಲೆ ಭಾರದ ವಸ್ತು ಬಿದ್ದರೆ ತಡೆಯಲು. ಹಾವು ಬೆರಳ ತುದಿಯನ್ನೇ ಹುಡುಕಿಕೊಂಡು ಬರುವುದಿಲ್ಲ. ಪಾದದ ಮೇಲ್ಭಾಗ, ಗಿಣ್ಣು, ಅದರ ಮೇಲಿನ ಕಾಲು, ಕಡಿತ ಜಾಸ್ತಿ ಬೀಳುವುದು ಅಲ್ಲಿ. ಏನೂ ಆಗಲ್ಲ ಅನ್ನುವ ಮಾತನ್ನು ಯಾವ ಶೂ ಬಗ್ಗೆಯೂ ಹೇಳಬಾರದು. ಕೊಳಕುಮಂಡಲದ ವಿಷದ ಹಲ್ಲು ಸುಮಾರು ಒಂದೂವರೆ ಸೆಂಟಿಮೀಟರ್ ಇರುತ್ತದೆ. ತೆಳ್ಳನೆ ರಬ್ಬರು ಕಾಲಿಗೆ ಅಂಟಿಕೊಂಡಿದ್ದರೆ ಇಂಥ ಹಲ್ಲು ದಾಟಿ ಬರಬಹುದು. ಬೂಟಿಗೂ ಚರ್ಮಕ್ಕೂ ನಡುವೆ ಸ್ವಲ್ಪ ಜಾಗ ಇದ್ದರೆ, ಆ ಜಾಗವೇ ಒಂದು ಪದರ ರಕ್ಷಣೆ.

ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮನಸ್ಸಿಗೆ ನಾಟಿತು. ರಬ್ಬರ್ ಗ್ಲೌಸಿಗೆ ಉಪ್ಪುನೀರು ತುಂಬಿ ಮನುಷ್ಯರ ಕೈಕಾಲಿನ ಹಾಗೆ ಮಾಡಿ, ಅಮೆರಿಕದ ಬುಡುಬುಡಿಕೆ ಹಾವುಗಳಿಂದ (ರ್‍ಯಾಟಲ್ ಸ್ನೇಕ್) ಕಚ್ಚಿಸಿದರು. ಒಂದಕ್ಕೆ ಬಟ್ಟೆ ಇಲ್ಲ, ಇನ್ನೊಂದಕ್ಕೆ ಜೀನ್ಸ್ ಬಟ್ಟೆಯ ಹೊದಿಕೆ. ಬಟ್ಟೆ ಇದ್ದ ಕಡೆ ಒಳಗೆ ಸೇರಿದ ವಿಷ ಸಣ್ಣ ಹಾವುಗಳಲ್ಲಿ ಸುಮಾರು ಶೇ. 60, ದೊಡ್ಡ ಹಾವುಗಳಲ್ಲಿ ಸುಮಾರು ಶೇ. 66 ಕಡಿಮೆ. ಬರೀ ಜೀನ್ಸ್ ಬಟ್ಟೆ! ಪೂರ್ತಿ ತಡೆಯಲಿಲ್ಲ, ನಿಜ. ಆದರೆ ಒಳಗೆ ಹೋಗುವ ವಿಷ ಅರ್ಧಕ್ಕಿಂತ ಕಡಿಮೆಯಾಗುವುದು ಸಣ್ಣ ಮಾತಲ್ಲ.

ಅದನ್ನು ಓದಿದ ಮೇಲೆ ನಾನು ಶೂ ನೋಡುವ ರೀತಿಯೇ ಬದಲಾಯಿತು. ಅಂಗಡಿಯಲ್ಲಿ ನಾನು ಹುಡುಕಿದ್ದು ಎಲ್ಲಕ್ಕಿಂತ ಗಟ್ಟಿಯಾದದ್ದನ್ನು. ಹುಡುಕಬೇಕಾಗಿದ್ದು ಮಧ್ಯಾಹ್ನದ ಮೇಲೂ ಕಾಲಲ್ಲೇ ಉಳಿಯುವಂಥದ್ದನ್ನು. ಮೂಲೆಯಲ್ಲಿ ಬಿಚ್ಚಿಟ್ಟ ಬೂಟು ಯಾರ ಕಾಲನ್ನೂ ಕಾಯುವುದಿಲ್ಲ. ಗಿಣ್ಣಿನಿಂದ ಮೇಲಕ್ಕೆ ಬರುವ ದಪ್ಪ ಕ್ಯಾನ್ವಾಸ್ ಬೂಟು, ಕೆಳಗೆ ಹಿಡಿತ ಇರುವ ರಬ್ಬರ್ ಅಟ್ಟೆ, ಮೇಲೆ ಸಡಿಲವಾದ ದಪ್ಪ ಪ್ಯಾಂಟು. ಒಣ ನೆಲದಲ್ಲಿ ದಿನವಿಡೀ ನಡೆಯುವವರಿಗೆ ಇದು ಸಾಕಷ್ಟು ಒಳ್ಳೆಯ ಜೋಡಿ. ಒದ್ದೆಯಾದರೆ ಬೇಗ ಒಣಗುತ್ತದೆ, ಗಾಳಿಯಾಡುತ್ತದೆ. ಹುಲ್ಲು ಮೀನಖಂಡದಷ್ಟು ಎತ್ತರ ಇದ್ದರೆ ಮೇಲಿಂದ ಗೇಟರ್, ಅಂದರೆ ಮೀನಖಂಡಕ್ಕೆ ಸುತ್ತುವ ದಪ್ಪ ಹೊದಿಕೆ, ಕಟ್ಟಿಕೊಳ್ಳಬಹುದು, ಕೂತಾಗ ಬಿಚ್ಚಿ ಪಕ್ಕಕ್ಕಿಡಬಹುದು. ನೀರು ನಿಂತ ಗದ್ದೆ, ಕಾಲುವೆ, ಕೆಸರು ಅಂದರೆ ಮಾತ್ರ ಗಂಬೂಟೇ ಸರಿ. ಅದನ್ನೂ ಸಾಕ್ಸ್ ಹಾಕಿಕೊಂಡೇ ನೋಡಿ ಕೊಳ್ಳಬೇಕು.

ಅದೇ ರಾತ್ರಿ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಡಿತದಿಂದ ಸಾಯುತ್ತಾರೆ. ಅಂಗ ಕಳೆದುಕೊಂಡು ಅಥವಾ ಊನವಾಗಿ ಬದುಕುವವರು ಅದರ ಸುಮಾರು ಮೂರು ಪಟ್ಟು. ಇವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ದನ ಕಾಯುವವರು, ಮಕ್ಕಳು. 2017ರಲ್ಲಿ ಆ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ನಿರ್ಲಕ್ಷಿತ ಅನ್ನುವ ಮಾತನ್ನು ಓದಿದಾಗ ಆ ಹಿಮ್ಮಡಿ ಮತ್ತೆ ಕಣ್ಣಮುಂದೆ ಬಂತು. ಬೂಟು ಮಾಡುವವರು ಯಾರ ಕಾಲನ್ನು ನೆನೆದು ಮಾಡುತ್ತಾರೆ? ವಾರಕ್ಕೊಮ್ಮೆ ಹಕ್ಕಿ ನೋಡಲು ಹೋಗುವ ನನ್ನಂಥವರ ಕಾಲನ್ನು. ಚಾರಣದ ಶೂಗಳಲ್ಲಿ ಎಷ್ಟು ಬಗೆ, ಎಷ್ಟು ಬಣ್ಣ! ದನ ಕಾಯುವವರಿಗೆ ಅಂತಲೇ ಮಾಡಿದ ಒಂದು ಬೂಟನ್ನು ನಾನಂತೂ ಅಂಗಡಿಯಲ್ಲಿ ಕಂಡಿಲ್ಲ.

ಬೂಟಿನಿಂದ ಆಗದ್ದೂ ಇದೆ. ಕಟ್ಟುಹಾವು ಜಾಸ್ತಿ ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಅದಕ್ಕೆ ಬೇಕಾಗಿದ್ದು ಮಂಚ ಮತ್ತು ಸರಿಯಾಗಿ ಅಂಚು ಸಿಕ್ಕಿಸಿದ ಸೊಳ್ಳೆಪರದೆ. ಸೌದೆ ರಾಶಿಗೆ, ಕಲ್ಲಿನ ಸಂದಿಗೆ ಹಾಕುವ ಕೈಗೆ ಬೂಟು ಇರುವುದಿಲ್ಲ. ಕಾಲು ಬಡಿದು ನಡೆದರೆ ಹಾವು ಓಡಿಹೋಗುತ್ತದೆ ಅನ್ನುತ್ತಾರೆ. ನೆಲದ ಅದುರು ಹಾವಿಗೆ ತಿಳಿಯುತ್ತದೆ, ಎಷ್ಟೋ ಹಾವು ಸರಿದುಹೋಗುತ್ತವೆ. ಕೊಳಕುಮಂಡಲ ಮಾತ್ರ ಬಣ್ಣವನ್ನೇ ನಂಬಿ ಅಲ್ಲೇ ಕೂತಿರುತ್ತದೆ. ನಾವು ಆರು ಜನ ಧಪಧಪ ನಡೆದುಬಂದರೂ ಅದು ಅಲುಗಲಿಲ್ಲವಲ್ಲ. ಹೊರಗೆ ಬಿಟ್ಟಿದ್ದ ಬೂಟನ್ನು ತಲೆಕೆಳಗು ಮಾಡಿ ಕೊಡವದೆ ಹಾಕಬಾರದು. ಅಕಸ್ಮಾತ್ ಕಚ್ಚಿದರೆ, ಊತ ಏರುವ ಮೊದಲೇ ಶೂ ಮೆಲ್ಲಗೆ ಬಿಚ್ಚಬೇಕು. ಕಾಲು ಅಲ್ಲಾಡಿಸಬಾರದು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು. ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಬುಧವಾರ ಅಣ್ಣನಿಗೆ ಫೋನು ಮಾಡಿ, ಬೂಟು ಕೊಡಿಸುತ್ತೇನೆ ಅಂದೆ. ಅವರು ಬೇಡ ಅಂದರು. ನಾನು ಬಿಡಲಿಲ್ಲ. "ನೀವೇ ಆರಿಸಿ, ಇಷ್ಟ ಆಗದಿದ್ರೆ ಬರೀ ಕೈಯಲ್ಲಿ ವಾಪಸ್ ಬರೋಣ" ಅಂದೆ. ನಿನ್ನೆ ಇಬ್ಬರೂ ಬೇರೆ ಅಂಗಡಿಗೆ ಹೋದೆವು.

ಅವರು ಆರಿಸುವುದನ್ನು ನೋಡುತ್ತಾ ನಿಂತೆ. ಮೊದಲು ಗಂಬೂಟು ಹಾಕಿ ಕುಕ್ಕರಗಾಲಲ್ಲಿ ಕೂತರು. ಮೇಲಿನ ಅಂಚು ಮೊಣಕಾಲಿನ ಹಿಂದೆ ಒತ್ತಿತು. ಬಿಚ್ಚಿಟ್ಟರು. ನಾನು ಗಂಬೂಟು ಕೊಳ್ಳುವಾಗ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದಿದ್ದೆ ಅಷ್ಟೇ, ಕೂತು ನೋಡಬೇಕು ಅಂತ ಹೊಳೆದೇ ಇರಲಿಲ್ಲ. ಆಮೇಲೆ ಕ್ಯಾನ್ವಾಸಿನದು ಕೈಗೆತ್ತಿಕೊಂಡರು. ಎರಡೂ ಕೈಯಲ್ಲಿ ಹಿಡಿದು ಅಟ್ಟೆ ಮಡಚಿದರು. ಒಳಗೆ ಕೈ ಹಾಕಿ ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸಿದರು. ಹಾಕಿಕೊಂಡು ಲೇಸು ಕಟ್ಟಿ, ಕೂತು, ಎದ್ದು, ಒಂಟಿ ಕಾಲಲ್ಲಿ ನಿಂತು, ಬಾಗಿಲ ತನಕ ಹೋಗಿ ಬಂದರು.

"ಹೇಗಿದೆ ಅಣ್ಣ?"

"ಮಧ್ಯಾಹ್ನದ ತನಕ ಹಾಕ್ಕೊಂಡು ನೋಡ್ಬೇಕು" ಅಂದರು. ನಕ್ಕರು. ಆಮೇಲೆ ಅಂಗಡಿಯವನ ಕಡೆ ತಿರುಗಿದರು.

"ಇದ್ರಲ್ಲಿ ಸಣ್ಣ ಸೈಜು ಐತಾ? ಮನೆಯೋಳು ಹುಲ್ಲು ಕುಯ್ಯೋಕೆ ಹೋಗ್ತಾಳೆ."