ಎಚ್-ರಾಸ್ ಪ್ರಾಜೆಕ್ಟ್, ಆರನೇ ವಾರ: ಕಡೆಗೂ ಬ್ಯಾಂಡ್ ಕಾಣಿಸ್ತು

ದೇರಳಕಟ್ಟೆಯಲ್ಲಿ ಮೂರು ದಿನದಿಂದ ಮಳೆ ಬಿಟ್ಟದ್ದೇ ಇಲ್ಲ, ಆದ್ರೂ ಇವತ್ತು ತುಂಬಾ ಖುಷಿ ಉಂಟು. ಎಚ್-ರಾಸ್ ಅಂದ್ರೆ ಸೆಲ್ ಬೆಳೆಯುದನ್ನು ನಡೆಸುವ ಒಂದು ಜೀನ್, ಗಡ್ಡೆಯ ಸೆಲ್‌ಗಳಲ್ಲಿ ಅದ್ರ ಮ್ಯುಟೇಶನ್ (ಡಿಎನ್‌ಎಯ ಬದಲಾವಣೆ) ಹುಡುಕುದೇ ನನ್ನ ಪ್ರಾಜೆಕ್ಟ್. ಹಿಂದಿನ ಸಲ ಬರ್ದಾಗ ಫ್ಲಾಸ್ಕ್‌ಗೆ ಫಂಗಸ್ ಹಿಡ್ದು ಎರಡೂ ಸೆಲ್ ಲೈನ್ (ಲ್ಯಾಬಲ್ಲಿ ಬೆಳೆಸುವ ಸೆಲ್‌ಗಳು) ಬಿಸಾಡಿದ್ದೆ ಅಲ್ವಾ, ಮತ್ತೆ ಲಿಕ್ವಿಡ್ ನೈಟ್ರೋಜನ್‌ನಲ್ಲಿದ್ದ ವಯಲ್ ತೆಗ್ದು ಬೆಳೆಸಿದೆ, ಇನ್‌ಕ್ಯುಬೇಟರಿನ ನೀರಿನ ಟ್ರೇ ವಾರಕ್ಕೆ ಎರಡು ಸಲ ಬದಲಾಯಿಸಿದೆ, ಈ ಸಲ ಫಂಗಸ್ ಬರ್ಲಿಲ್ಲ.

ಎರಡೂ ಲೈನ್ ಇಲಿಯ ಚರ್ಮದ ಗಡ್ಡೆಯದ್ದು, ಒಂದು ಪ್ಯಾಪಿಲೋಮಾ, ಅಂದ್ರೆ ಕ್ಯಾನ್ಸರ್ ಆಗದ ಗಡ್ಡೆ, ಇನ್ನೊಂದು ಕಾರ್ಸಿನೋಮಾ, ಅಂದ್ರೆ ಕ್ಯಾನ್ಸರ್. ಬೆನ್ನಿಗೆ ಒಂದು ಸಲ ಡಿಎಂಬಿಎ (ಮ್ಯುಟೇಶನ್ ಮಾಡುವ ಕೆಮಿಕಲ್) ಹಚ್ಚಿ ಆಮೇಲೆ ವಾರಗಟ್ಟಲೆ ಟಿಪಿಎ (ಗಡ್ಡೆ ಬೆಳೆಸುವ ಕೆಮಿಕಲ್) ಹಚ್ಚಿ ಬರಿಸಿದ ಗಡ್ಡೆ. ಇಂಥದ್ರಲ್ಲಿ ಹೆಚ್ಚಾಗಿ ಎಚ್-ರಾಸ್ ಜೀನಿನ 61ನೇ ಕೋಡಾನ್ (ಮೂರು ಡಿಎನ್‌ಎ ಅಕ್ಷರದ ಗುಂಪು) ಸಿಎಎ ಇದ್ದದ್ದು ಸಿಟಿಎ ಆಗಿರ್ತದೆ, ಪ್ರೋಟೀನಿನಲ್ಲಿ ಗ್ಲುಟಮಿನ್ ಅನ್ನುವ ಅಮೈನೋ ಆಸಿಡ್ ಹೋಗಿ ಲ್ಯೂಸಿನ್ ಬರ್ತದೆ, ಆಮೇಲೆ ಆ ಪ್ರೋಟೀನಿಗೆ ತನ್ನನ್ನು ಆನ್ ಇಡುವ ಜಿಟಿಪಿ ಅನ್ನುವ ಅಣುವನ್ನು ಒಡೆದು ಆಫ್ ಆಗ್ಲಿಕ್ಕೆ ಆಗುದಿಲ್ಲ, ಸೆಲ್‌ಗೆ ಬೆಳಿ ಬೆಳಿ ಅಂತ ಹೇಳ್ತಾನೇ ಇರ್ತದೆ. ಇದು 1986ರಲ್ಲೇ ಗೊತ್ತಾದದ್ದು. ನಂಗೆ ಇದ್ರಲ್ಲಿ ಬಹಳ ಇಷ್ಟ ಆದದ್ದು ಎಂತ ಅಂದ್ರೆ, ಆ ಒಂದೇ ಅಕ್ಷರ ಬದಲಾದ ಕೂಡ್ಲೇ ಅಲ್ಲಿ ಟಿಸಿಟಿಎಜಿಎ ಅಂತ ಸಾಲು ಹುಟ್ತದೆ, ಎಕ್ಸ್‌ಬಾ-ಒನ್ ಎಂಜೈಮ್ ಕತ್ತರಿಸುದು ಅದನ್ನೇ! ಪಿಸಿಆರ್ ಮಾಡಿ (ಆ ಡಿಎನ್‌ಎ ತುಂಡಿನ ಕಾಪಿ ತುಂಬಾ ಮಾಡುದು), ಎಂಜೈಮ್ ಹಾಕಿ 37 ಡಿಗ್ರಿಯಲ್ಲಿಟ್ಟು, ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿದ್ರೆ ಒಂದೊಂದು ಉದ್ದದ ತುಂಡು ಒಂದೊಂದು ಗೆರೆಯಾಗಿ, ಅಂದ್ರೆ ಬ್ಯಾಂಡ್ ಆಗಿ, ಕೂತು ಮ್ಯುಟೇಶನ್ ಕಣ್ಣಿಗೇ ಕಾಣ್ತದೆ.

ಇವತ್ತು ನಾರ್ಮಲ್ ಚರ್ಮದ ಡಿಎನ್‌ಎ ಕಟ್ ಆಗ್ಲೇ ಇಲ್ಲ, ಸರಿ. ಪ್ಯಾಪಿಲೋಮಾದಲ್ಲಿ ಮೂರು ಬ್ಯಾಂಡ್, ಕಟ್ ಆಗದ ದೊಡ್ಡದೊಂದು, ಕಟ್ ಆದ ಸಣ್ಣದೆರಡು. ಕಾರ್ಸಿನೋಮಾದಲ್ಲಿ ದೊಡ್ಡದು ಹೆಚ್ಚುಕಮ್ಮಿ ಮಾಯ. ಜೀನಿನ ಎರಡು ಕಾಪಿಯಲ್ಲಿ ನಾರ್ಮಲ್ ಇದ್ದದ್ದನ್ನು ಕಳ್ಕೊಂಡಿರ್ಬೇಕು, ಇಲಿಯಲ್ಲಿ ಈ ಜೀನ್ ಇರುವ 7ನೇ ಕ್ರೋಮೋಸೋಮ್ ಚರ್ಮದ ಗಡ್ಡೆಗಳಲ್ಲಿ ಹೀಗೆಲ್ಲ ಹೆಚ್ಚುಕಡಿಮೆ ಆಗುದು ಗೊತ್ತಿದ್ದದ್ದೇ, ಅಂತ ಓಡಿ ಹೋಗಿ ಲ್ಯಾಬಿನ ಮೇಡಂಗೆ ತೋರಿಸಿದೆ.

ಮೇಡಂ ಜೆಲ್ ಫೋಟೋ ತುಂಬಾ ಹೊತ್ತು ನೋಡಿದ್ರು. "ಕಾರ್ಸಿನೋಮಾ ಇರ್ಲಿ ಮಾರಾಯ್ತಿ, ಪ್ಯಾಪಿಲೋಮಾದಲ್ಲಿ ಉಳಿದ ದೊಡ್ಡ ಬ್ಯಾಂಡ್ ಪೂರ್ತಿ ನಾರ್ಮಲ್ ಕಾಪಿಯದ್ದೇ ಅಂತ ಹೇಗೆ ಹೇಳ್ತೀ?" ಅಂತ ಕೇಳಿದ್ರು.

ಹೌದಲ್ಲ. ಪಿಸಿಆರ್‌ನ ಕೊನೇ ಸೈಕಲ್‌ಗಳಲ್ಲಿ ಒಂದು ನಾರ್ಮಲ್ ಎಳೆ, ಒಂದು ಮ್ಯುಟೆಂಟ್ ಎಳೆ ಜೋಡಿಯಾಗಿ ಕೂತ್ರೆ ಎಂಜೈಮ್ ಅದನ್ನು ಮುಟ್ಟುದಿಲ್ಲ, ಹಾಗಾಗಿ ದೊಡ್ಡ ಬ್ಯಾಂಡ್ ಇರ್ಬೇಕಾದ್ದಕ್ಕಿಂತ ದಪ್ಪ ಕಾಣ್ತದೆ. ಬ್ಯಾಂಡಿನ ದಪ್ಪ ನೋಡಿ ನಾರ್ಮಲ್, ಮ್ಯುಟೆಂಟ್ ಅರ್ಧಕ್ಕರ್ಧ ಅಂತ ನೋಟ್‌ಬುಕ್ಕಲ್ಲಿ ಬರ್ದಿದ್ದೆ, ಅದನ್ನು ಹೊಡೆದು ಹಾಕಿದೆ.

ನಾಳೆ ಸೈಕಲ್ ಕಡಿಮೆ ಮಾಡಿ ಪಿಸಿಆರ್, ಎಂಜೈಮ್ ರಾತ್ರಿಯಿಡೀ. ಎರಡೂ ಸ್ಯಾಂಪಲ್ ಸೀಕ್ವೆನ್ಸಿಂಗ್‌ಗೂ (ಡಿಎನ್‌ಎ ಅಕ್ಷರ ಒಂದೊಂದಾಗಿ ಓದ್ಲಿಕ್ಕೆ) ಹೋಗ್ತದೆ. ಕಾರ್ಸಿನೋಮಾದ ಪಿ53 ಜೀನ್ (ಗಡ್ಡೆ ಆಗದ ಹಾಗೆ ತಡೆಯುವ ಜೀನ್) ಆಮೇಲೆ ನೋಡುದು, ಅದ್ರ ಪಿಸಿಆರ್‌ಗೆ ಬೇಕಾದ ಪ್ರೈಮರ್ (ಸಣ್ಣ ಡಿಎನ್‌ಎ ತುಂಡು) ಇನ್ನೂ ಬರ್ಲಿಲ್ಲ.