ಡಬ್ಬಿ ಮೇಲೆ 30 ವಾಟ್, ಒಳಗೆ 5

ನಮ್ಮ ಬೀದಿಯ ಅಂಗನವಾಡಿ ಟೀಚರ್ ಒಂದು ದಿನ ಗೇಟಿನ ಹತ್ತಿರ ನಿಂತು, "ಸರ್, ನಿಮ್ಮ ಆ ಮಿಷನ್ನಲ್ಲಿ ಅಕ್ಷರ ಕತ್ತರಿಸೋಕಾಗತ್ತಾ? ಮಕ್ಕಳು ಕೈಯಲ್ಲಿ ಹಿಡ್ಕೊಂಡು ಆಡೋ ಥರ" ಅಂದರು. ಮಿಷನ್ ಅಂದರೆ ನಾನೇ ಮನೆಯಲ್ಲಿ ಜೋಡಿಸಿದ ಲೇಸರ್ ಕಟ್ಟರ್, ಲೇಸರ್ ಬೆಳಕಿನಿಂದ ಸುಟ್ಟು ಕತ್ತರಿಸುವಂಥದ್ದು. ತಕ್ಷಣ ಒಪ್ಪಿಕೊಂಡೆ. 49 ಅಕ್ಷರ, 3 ಎಂಎಂ ಪ್ಲೈವುಡ್, ಒಂದು ಭಾನುವಾರದ ಕೆಲಸ. ಹಾಗಂದುಕೊಂಡು ನಾಲ್ಕು ಭಾನುವಾರ ಕಳೆದೆ. ಒಂದು ಹೊಸ ಲೇಸರ್ ಹೆಡ್ಡೂ (ಬೆಳಕು ಹೊರಬರುವ ಭಾಗ) ಕೊಳ್ಳಬೇಕಾಯಿತು.

ನನ್ನ ಮಿಷನ್ ಅಂದರೆ ದೊಡ್ಡದೇನಲ್ಲ. ಕೆಟ್ಟ ತ್ರೀಡಿ ಪ್ರಿಂಟರಿನಿಂದ ಬಿಚ್ಚಿದ ಮೋಟಾರು, ಅಲ್ಯೂಮಿನಿಯಂ ಫ್ರೇಮು, ಆರ್ಡುವಿನೋ ಅನ್ನುವ ಪುಟ್ಟ ಕಂಟ್ರೋಲ್ ಬೋರ್ಡು, ಅದರೊಳಗೆ ಮೋಟಾರು ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್. ಮೊದಮೊದಲು ಹಳೇ ಡಿವಿಡಿ ರೈಟರಿನ ಕೆಂಪು ಡಯೋಡು (ಲೇಸರ್ ಬೆಳಕು ಕೊಡುವ ಪುಟ್ಟ ಬಿಡಿಭಾಗ) ಹಾಕಿದ್ದೆ. ಅದು ಕಪ್ಪು ಕಾಗದವನ್ನು ಸುಡುತ್ತಿತ್ತು, ಅಷ್ಟೇ. ಆಮೇಲೆ ಆನ್‌ಲೈನಿನಲ್ಲಿ ಒಂದು ನೀಲಿ ಲೇಸರ್ ತರಿಸಿದೆ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 30 ವಾಟ್ ಅಂತಿತ್ತು.

ಅ, ಆ, ಇ ಹೇಗೋ ಬಂದವು. ಒಂದೊಂದಕ್ಕೂ ಆರು ಸಲ ಸುತ್ತು ಹಾಕಿಸಿದೆ, ಅಂಚೆಲ್ಲ ಇದ್ದಿಲು. ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಠ ಅಕ್ಷರದಲ್ಲಿ. ಠ ಅಂದರೆ ಒಂದು ಸುತ್ತು, ನಡುವೆ ಒಂದು ಚುಕ್ಕೆ. ಮೇಲೂ ಕೆಳಗೂ ನೀಟಾಗಿ ಕತ್ತರಿಸಿತ್ತು. ಎಡಕ್ಕೂ ಬಲಕ್ಕೂ ಮಾತ್ರ ಗೆರೆ ದಪ್ಪವಾಗಿ ಸೀದು, ಹಲಗೆಗೆ ಅಂಟಿಕೊಂಡೇ ಇತ್ತು. ಬೆಲ್ಟ್ ಸಡಿಲ ಅಂದುಕೊಂಡು ಒಂದು ಭಾನುವಾರ ಪೂರ್ತಿ ಬೆಲ್ಟ್ ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ಕಪ್ಪು ಬಳಿದ ರಟ್ಟಿನ ಮೇಲೆ ಒಂದು ಕೂಡಿಸುವ ಚಿಹ್ನೆ ಎಳೆಸಿದಾಗ ಗೊತ್ತಾಯಿತು. ಅಡ್ಡಗೆರೆ ಸಣ್ಣ, ಉದ್ದಗೆರೆ ದಪ್ಪ. ನಾವು ಲೇಸರ್ ಚುಕ್ಕೆ ಅಂದರೆ ದುಂಡಗಿರುತ್ತೆ ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚು ಶಕ್ತಿಯ ಡಯೋಡಿನಲ್ಲಿ ಬೆಳಕು ಹೊರಬರುವುದು ಒಂದು ಸಣ್ಣ ಸೀಳಿನಂಥ ಜಾಗದಿಂದ. ಹಾಗಾಗಿ ಮರದ ಮೇಲೆ ಬೀಳುವುದು ಚುಕ್ಕೆಯಲ್ಲ, ಒಂದು ಪುಟ್ಟ ಪಟ್ಟಿ. ನನ್ನದರಲ್ಲಿ ಪಟ್ಟಿ ಅಡ್ಡ ಮಲಗಿತ್ತು. ಅಡ್ಡ ಓಡಿದಾಗ ಪಟ್ಟಿಯ ಬೆಳಕೆಲ್ಲ ಒಂದೇ ಸಣ್ಣ ಗೆರೆಗೆ ಬೀಳುತ್ತೆ, ಮರ ತುಂಡಾಗುತ್ತೆ. ಮೇಲೆ ಕೆಳಗೆ ಓಡಿದಾಗ ಅದೇ ಬೆಳಕು ಅಗಲಕ್ಕೆ ಹರಡಿ ಬರೀ ಸುಡುತ್ತೆ. ಬರೀ ನೇರ ಗೆರೆ ಕತ್ತರಿಸುವವರು ಹೆಡ್ ತಿರುಗಿಸಿ ಸುಧಾರಿಸಿಕೊಳ್ಳಬಹುದು. ನಮ್ಮ ಕನ್ನಡದಲ್ಲಿ ನೇರ ಗೆರೆ ಎಲ್ಲಿದೆ ಹೇಳಿ!

ಇನ್ನು ಆ 30 ವಾಟ್ ಏನು ಅಂತ ನೋಡೋಣ ಅಂತ ಮಲ್ಟಿಮೀಟರ್ ಜೋಡಿಸಿದೆ. 12 ವೋಲ್ಟ್, 2.2 ಆಂಪ್. ಅಂದರೆ ಫ್ಯಾನೂ ಸೇರಿ ಒಳಗೆ ಹೋಗುತ್ತಿದ್ದ ಕರೆಂಟೇ ಸುಮಾರು 26 ವಾಟ್. ಅದರಲ್ಲಿ ಫ್ಯಾನು, ಡಯೋಡಿಗೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್, ಬಿಸಿ ಎಲ್ಲ ಕಳೆದರೆ ಬೆಳಕಾಗಿ ಬರುವುದು ಐದರ ಆಸುಪಾಸು. ಈ 450 ನ್ಯಾನೋಮೀಟರಿನ (ಬೆಳಕಿನ ಬಣ್ಣ ಹೇಳುವ ಅಳತೆ) ನೀಲಿ ಡಯೋಡು ಒಂದೊಂದೂ ಕೊಡುವುದೇ ಸುಮಾರು 5ರಿಂದ 6 ವಾಟ್ ಬೆಳಕು. ಅದಕ್ಕಿಂತ ಜಾಸ್ತಿ ಬೇಕಾದರೆ ಒಂದೇ ಹೆಡ್ಡಿನಲ್ಲಿ ಹಲವು ಡಯೋಡು ಕೂರಿಸಿ ಕಿರಣಗಳನ್ನು ಒಂದುಗೂಡಿಸುತ್ತಾರೆ. ಎರಡಿದ್ದರೆ 10, ನಾಲ್ಕಿದ್ದರೆ 20. ಈ ಲೆಕ್ಕ ನೆನಪಿದ್ದರೆ ಡಬ್ಬಿ ಏನು ಹೇಳಿದರೂ ಮೋಸ ಹೋಗುವುದಿಲ್ಲ.

ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಲೇಸರ್ ಹೆಡ್ ತೋರಿಸಿ, "ಇದರಲ್ಲಿ ಬೆಳಕು ಎಷ್ಟು ವಾಟು, ಕರೆಂಟ್ ಎಷ್ಟು ವಾಟು?" ಅಂತ ಕೇಳಿದೆ. "ಎಲ್ಲಾ ಒಂದೇ ಸರ್" ಅಂದ ಹುಡುಗ. ನಮಸ್ಕಾರ ಹೇಳಿ ಹೊರಗೆ ಬಂದೆ.

20 ವಾಟಿನ ಆಸೆ ಇತ್ತು. ಬಿಟ್ಟಿದ್ದಕ್ಕೆ ಎರಡು ಕಾರಣ. ನಾನು ನೋಡಿದ ಲೇಸರ್ ಹೆಡ್ಡುಗಳಲ್ಲಿ ಅದರ ಚುಕ್ಕೆ 10 ವಾಟಿನದಕ್ಕಿಂತ ಸ್ವಲ್ಪ ದೊಡ್ಡದು, ಸಣ್ಣ ಅಕ್ಷರದ ತಿರುವು ಮೊಂಡಾಗುತ್ತೆ. ಮತ್ತೆ ಅದು ಭಾರ. ನನ್ನ ಬಡಪಾಯಿ ಮೋಟಾರು ಅದನ್ನು ಹೊತ್ತು ಓಡುವಾಗ ಹೆಜ್ಜೆ ತಪ್ಪಿದರೆ ಹಲಗೆಯೇ ಹಾಳು. ಹಾಗಾಗಿ ಎರಡು ಡಯೋಡಿನ 10 ವಾಟ್, ಪಟ್ಟಿಯನ್ನು ಕುಗ್ಗಿಸುವ ಲೆನ್ಸ್ ಇರುವಂಥದ್ದು ತಗೊಂಡೆ. ಇದಕ್ಕೆ ಹಳೇ 3 ಆಂಪಿನ ಅಡಾಪ್ಟರ್ ಸಾಲದು ಅಂತ ಹೊಸದಕ್ಕೂ ದುಡ್ಡು ಕೊಟ್ಟೆ. ಈಗ ಗಂಟಲು ಕಟ್ಟಿದ ಅಕ್ವೇರಿಯಂ ಪಂಪಿನ ಗಾಳಿ ಊದಿಸಿಕೊಂಡು ಎರಡೇ ಸುತ್ತಿಗೆ 3 ಎಂಎಂ ಪ್ಲೈ ಕತ್ತರಿಸುತ್ತೆ. ಗಾಳಿ ಇಲ್ಲದಿದ್ದರೆ ಹೊಗೆ ಲೆನ್ಸಿಗೆ ಮೆತ್ತಿಕೊಂಡು ಶಕ್ತಿ ತಿನ್ನುತ್ತೆ.

ಪ್ಲೈ ಕೊಳ್ಳುವಾಗಲೂ ಒಂದು ಮಾತು. ನೀರಿಗೆ ಜಗ್ಗದ ಬಿಡಬ್ಲ್ಯೂಪಿ ಗ್ರೇಡು ಒಳ್ಳೇದು ಅಂತ ಅಂಗಡಿಯವರು ಹೇಳುತ್ತಾರೆ. ಅಡುಗೆಮನೆ ಕಪಾಟಿಗೆ ಒಳ್ಳೇದೇ. ಆದರೆ ಅದರ ಕಪ್ಪು ಫೀನಾಲ್ ಅಂಟನ್ನು ಲೇಸರ್ ಸುಲಭವಾಗಿ ದಾಟುವುದಿಲ್ಲ. ಅಗ್ಗದ, ತೇವವನ್ನಷ್ಟೇ ತಡೆಯುವ ಎಂಆರ್ ಗ್ರೇಡೇ ನಮಗೆ ವಾಸಿ.

ನನ್ನ ತಂಗಿ ಮನೆಗೆ ಪಾರದರ್ಶಕ ಅಕ್ರಿಲಿಕ್ಕಿನ ನಾಮಫಲಕ ಬೇಕು ಅಂದಿದ್ದಳು. ಹಾಕಿ ನೋಡಿದೆ. ಅಕ್ರಿಲಿಕ್ ಮೇಲೆ ಒಂದು ಗೀರೂ ಇಲ್ಲ, ಕೆಳಗೆ ಹಾಸಿದ್ದ ಪೇಪರ್ ಮಾತ್ರ ಸುಟ್ಟು ಅವಳ ಗಂಡನ ಹೆಸರು ಮೂಡಿತ್ತು! ನೀಲಿ ಬೆಳಕು ಅದರೊಳಗೆ ಗಾಜಿನಲ್ಲಿ ಹಾದಂತೆ ಹಾದುಹೋಗುತ್ತೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರೇ ಬೇಕು, ಅದರ ಗಾಜಿನ ಟ್ಯೂಬು, ನೀರಿನ ಪಂಪು, ಹೈವೋಲ್ಟೇಜು ನನ್ನ ಮನೆಗೆ ಬೇಡ. ಕಪ್ಪು ಅಕ್ರಿಲಿಕ್ ಆದರೆ ಕತ್ತರಿಸುತ್ತೆ. ಪಿವಿಸಿ, ರೆಕ್ಸಿನ್ ಮಾತ್ರ ಯಾವ ಲೇಸರಿಗೂ ಹಾಕಬೇಡಿ. ಬರುವ ಹೊಗೆಯಲ್ಲಿ ಆಸಿಡ್ ಇರುತ್ತೆ, ಶ್ವಾಸಕ್ಕೂ ಕೆಟ್ಟದ್ದು, ಮಿಷನ್ನಿಗೂ ತುಕ್ಕು.

ಲೇಸರ್ ಬೆಳಕಿನಿಂದ ಕಣ್ಣು ಕಾಯುವ ಕನ್ನಡಕದ ವಿಷಯಕ್ಕೆ ನನಗೆ ಈಗಲೂ ಕೋಪ ಬರುತ್ತೆ. ಮೊದಲ ನೀಲಿ ಲೇಸರ್ ಹೆಡ್ಡಿನ ಜೊತೆ ಪುಕ್ಕಟೆ ಬಂದದ್ದು ಹಸಿರು ಗಾಜಿನದು, ಮೇಲೆ ಒಂದಕ್ಷರ ಬರೆದಿಲ್ಲ. ಆರು ತಿಂಗಳು ಅದನ್ನೇ ಹಾಕಿಕೊಂಡಿದ್ದೆ. 450 ನ್ಯಾನೋಮೀಟರಿಗೆ ಓಡಿ (OD, ಗಾಜು ಬೆಳಕನ್ನು ಎಷ್ಟು ತಡೆಯುತ್ತೆ ಅನ್ನುವ ಅಳತೆ) 5 ಅಥವಾ 6 ಅಂತ ಗಾಜಿನ ಮೇಲೇ ಅಚ್ಚಾಗಿರಬೇಕು. ಓಡಿ 5 ಅಂದರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತೆ. ಈ ವಾಟಿನಲ್ಲಿ ಮರದಿಂದ ಚದುರಿ ಬರುವ ಬೆಳಕೂ ಕಣ್ಣಿನ ಪರದೆಯನ್ನು ಸುಡಬಹುದು, ನೋವೂ ಗೊತ್ತಾಗದೆ. ಈಗ ಕಿತ್ತಳೆ ಬಣ್ಣದ, ನಂಬರು ಅಚ್ಚಾದ ಎರಡು ಕನ್ನಡಕ ಇವೆ. ಮಿಷನ್ನಿಗೂ ಒಂದು ಮುಚ್ಚಿದ ಪೆಟ್ಟಿಗೆ ಮಾಡಿಸಿದ್ದೇನೆ. ಮಗಳು ಯಾವಾಗ ಬೇಕಾದರೂ ಆ ಕೋಣೆಗೆ ನುಗ್ಗುತ್ತಾಳೆ.

49 ಅಕ್ಷರ ಉಜ್ಜುಕಾಗದದಲ್ಲಿ ತಿಕ್ಕಿ, ಇದ್ದಿಲು ಒರೆಸಿ ಅಂಗನವಾಡಿಗೆ ಕೊಟ್ಟಾಯಿತು. ಠ ನಡುವಿನ ಚುಕ್ಕೆ ಉದುರದ ಹಾಗೆ ಒಂದು ಸಣ್ಣ ಸೇತುವೆ ಬಿಟ್ಟಿದ್ದೆ. ಮೂರನೇ ದಿನವೇ ಯಾರೋ ಅದನ್ನು ಮುರಿದರಂತೆ. ಚುಕ್ಕೆ ಈಗ ಒಬ್ಬ ಹುಡುಗನ ಜೇಬಿನಲ್ಲಿದೆಯಂತೆ, ಕೇಳಿದರೆ ಕೊಡುವುದಿಲ್ಲವಂತೆ. ಟೀಚರ್ ಒತ್ತಕ್ಷರವೂ ಬೇಕು ಅಂದಿದ್ದಾರೆ.