ಮೊದಲ ಶನಿವಾರದ ಬಟವಡೆ

2018ರ ಫೆಬ್ರುವರಿ. ಜೈಲಿನಿಂದ ಬಂದು ಹನ್ನೊಂದು ದಿನವಾಗಿತ್ತು. ಸಂಜೆ ಮೇಸ್ತ್ರಿ ನನ್ನ ಅಂಗೈಯಲ್ಲಿ ವಾರದ ಬಟವಡೆ ಇಟ್ಟ. ಬೂದು ಬಣ್ಣದ ನಾಲ್ಕು ಐದುನೂರರ ನೋಟು, ಅರಿಶಿನದಂಥ ಎರಡು ಇನ್ನೂರರ ನೋಟು. ಇವನ್ನು ನಾನು ಮುಟ್ಟಿದ್ದು ಅದೇ ಮೊದಲು. 2016ರ ಸೆಪ್ಟೆಂಬರಿನಲ್ಲಿ ಒಳಗೆ ಹೋದವನು. ನವೆಂಬರಿನಲ್ಲಿ ನೋಟು ರದ್ದಾದದ್ದನ್ನು ಧಾರವಾಡದ ಜೈಲಿನೊಳಗೆ ಕೂತು ಕೇಳಿದ್ದೆ. ಅಲ್ಲಿ ಅಡುಗೆಮನೆಯಲ್ಲಿ ದುಡಿದ ಕೂಲಿ ಖಾತೆಗೆ ಜಮಾ ಆಗುತ್ತಿತ್ತು, ರೊಕ್ಕ ಕೈಗೆ ಬರುತ್ತಿರಲಿಲ್ಲ. ಈಗ ಬಂತು. ಕೈ ಬೆವರಿತು.

ಕುಡಿದು ಗೂಡ್ಸ್ ಗಾಡಿ ಓಡಿಸಿ, ಹೊಲದಿಂದ ಸೈಕಲ್ ಮೇಲೆ ಮನೆಗೆ ಹೊರಟಿದ್ದ ಒಬ್ಬರನ್ನು ಕೊಂದವನು ನಾನು. ಆಗಿನ ಕಾನೂನಿನಲ್ಲಿ ಅದು ನಿರ್ಲಕ್ಷ್ಯದಿಂದಾದ ಸಾವು, 304-ಎ ಕಲಮು, ಹೆಚ್ಚೆಂದರೆ 2 ವರ್ಷ ಶಿಕ್ಷೆ. ನನಗೆ ಒಂದೂವರೆ ವರ್ಷವಾಯಿತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಜಾಮೀನಿನ ಮೇಲಿದ್ದಾಗಲೂ ಕುಡಿದೆ, ತೀರ್ಪಿನ ದಿನವೂ ಕುಡಿದೇ ಕೋರ್ಟಿಗೆ ಹೋದೆ. ಒಳಗೆ ಹೋದ ಮೂರನೇ ದಿನ ಕೈ ನಡುಗಿ ಗಂಜಿಯ ತಟ್ಟೆ ಬಿತ್ತು, ಗೋಡೆಯ ತುಂಬ ಇರುವೆ ಕಂಡವು. ಪಕ್ಕದಲ್ಲಿ ಮಲಗಿದ್ದವನು ಕೂಗಿ ಕರೆದದ್ದರಿಂದ ಆಸ್ಪತ್ರೆಗೆ ಒಯ್ದರು, ಬದುಕಿದೆ. ಆಮೇಲೆ ಶೆರೆ ಮುಟ್ಟಲಿಲ್ಲ. ಆದರೆ ಅಲ್ಲಿ ಗೋಡೆ ಇತ್ತು.

ರಾತ್ರಿ ನಿದ್ದೆ ಬಾರದಾಗ ದಾರಿಯ ಲೆಕ್ಕ ಹಾಕುತ್ತಿದ್ದೆ: ಹೆದ್ದಾರಿಯ ವೈನ್ ಶಾಪ್ ಕಡೆ ಹಾಯದೆ, ಕೆರೆ ಏರಿ ಹಿಡಿದು ಮನೆಗೆ ಬಂದುಬಿಡಬೇಕು ಎಂದು. ಊರಿಗೆ ಬಂದು ನೋಡಿದರೆ ಅಂಗಡಿಯೇ ಕೆರೆ ಏರಿಯ ಬುಡಕ್ಕೆ ಬಂದಿತ್ತು. ಹೆದ್ದಾರಿಯ ಬದಿಗೆ ಶೆರೆ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಒಳಗೆ ಸರಿದಿದೆ. ಆ ಆದೇಶ ನನ್ನಂಥವರಿಂದಲೇ ಬಂದದ್ದು. ಅದನ್ನು ಬೈಯುವ ಬಾಯಿ ನನಗಿಲ್ಲ.

ನಮ್ಮ ಜೊತೆ ಉಸುಕು ಹೊರುವ ಅಕ್ಕನ ಮನೆ ನಮ್ಮ ಓಣಿಯ ಆಚೆ. "ಅಕ್ಕಾ, ನಿಮ್ಮ ಜೋಡಿ ಬರ್ತೀನ್ರಿ" ಅಂದೆ. ಅಷ್ಟು ಹೇಳಲು ಗಂಟಲು ಕಟ್ಟಿತ್ತು. ಆಕೆ ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಸಂತೆಯ ಬುಟ್ಟಿ ನನ್ನ ತಲೆಗೆ ಏರಿಸಿ, "ಎರಡೂ ಕೈಲೆ ಹಿಡಕೋ ತಮ್ಮಾ, ತತ್ತಿ ಅದಾವ" ಅಂದಳು. ದಾರಿಯುದ್ದಕ್ಕೂ ಜೋಳದ ರೇಟು, ಮಗಳ ಬಾಣಂತನದ ಮಾತು. ಅಂಗಡಿಯ ಮುಂದೆ ಹಳೆಯ ಗೆಳೆಯನೊಬ್ಬ "ಯಾವಾಗ ಬಂದಿ ಲೇ?" ಎಂದು ಎದ್ದು ಬಂದ. ಆ ವಾಸನೆ ಮೂಗಿಗೆ ಹೊಡೆದು ಬಾಯಲ್ಲಿ ನೀರೂರಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ತತ್ತಿ ಒಡಿತಾವ, ನಡಿ ನಡಿ" ಎಂದು ಅಕ್ಕ ಅವಸರ ಮಾಡಿದಳು.

ಹೆಂಡತಿ ಬಾಗಿಲಲ್ಲೇ ಹತ್ತಿರ ಬಂದು ನನ್ನ ಬಾಯಿ ಮೂಸಿದಳು. ನಾನು ಬಾಯಿ ತೆರೆದು ನಿಂತೆ. ಆಮೇಲೆ ನೋಟು ಎಣಿಸಿಕೊಂಡು, "ಕೈಕಾಲು ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವ" ಎಂದಳು.

ಮುಂದಿನ ಶನಿವಾರವೂ ಅಕ್ಕನ ಬುಟ್ಟಿ ನನ್ನ ತಲೆಯ ಮೇಲಿತ್ತು. ಹೆಂಡತಿ ಆಗಲೂ ಮೂಸಿದಳು.